ಬಿಳಿಯ ಪುಡಿಗೆ ಬಣ್ಣ ಬಂದರೆ ಕಾಡು ಉಳಿಯುವುದೇ?

(ಮಲೆನಾಡಿನ ಶಾಲೆಯೊಂದರಲ್ಲಿ ನಡೆದ ಪರಿಸರ ಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಳೆದ ಸಲ ನಾನು ಈ ಊರಿಗೆ ಬಂದಿದ್ದಾಗ ಹಿರಿಯರೊಬ್ಬರು ಕೇಳಿದ ಪ್ರಶ್ನೆಯೇ ಇಂದಿನ ಮಾತಿಗೆ ಕಾರಣ. "ಮೇಷ್ಟ್ರೇ, ನೀರಿಗೆ ಎಂಥದೋ ಒಂದು ಪುಡಿ ಹಾಕಿ ಬಿಸಿಲಿಗಿಟ್ಟರೆ ಉರಿಯುವ ಅನಿಲ ಬರುತ್ತದಂತೆ. ಮೊಮ್ಮಗ ಓದಿ ಹೇಳಿದ. ಅದು ನಿಜವಾದರೆ ಇನ್ನು ನಮ್ಮ ಹೊಳೆಗಳಿಗೆ ಅಣೆಕಟ್ಟು ಬೇಡ, ಕಾಡು ಮುಳುಗಿಸುವುದೂ ಬೇಡ, ಅಲ್ಲವೇ?" ಎಂದು ಅವರು ಕೇಳಿದರು. ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ಬಸ್ಸು ಹತ್ತಿತ್ತು.

ಈ ನೆಲದಲ್ಲಿ ಅಂಥ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಸರಿದು ನಿಂತಾಗ ನಾಡಿಗೆ ಬೆಳಕು ಬಂದಿತು, ಊರುಗಳು ಮುಳುಗಿದವು. ಆ ವಿದ್ಯುತ್ತಿನಲ್ಲಿ ಹೊಗೆಯಿರಲಿಲ್ಲವೆಂಬುದು ನಿಜ. ಬೆಲೆಯಿರಲಿಲ್ಲವೆಂಬುದು ನಿಜವಲ್ಲ. ಆದುದರಿಂದ ಹೊಸದೊಂದು ವಸ್ತುವನ್ನು ಯಾರಾದರೂ ನಿರ್ಮಲವೆಂದು ಕರೆದಾಗ, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿಂದ ಬರುತ್ತದೆ ಎಂಬ ಎರಡನ್ನೂ ತಿಳಿಯುವ ಹಕ್ಕು ನಮಗಿದೆ. ಇಂದು ಆ ಎರಡನ್ನೂ ಹೇಳಲು ಯತ್ನಿಸುತ್ತೇನೆ.

ಆ ಮೊಮ್ಮಗ ಓದಿದ ಪುಡಿಯ ಜಾತಿಗೆ ಅರೆವಾಹಕಗಳೆಂದು ಹೆಸರು. ಅದರಲ್ಲಿಯೂ ಈಚಿನ ವರ್ಷಗಳಲ್ಲಿ ಪ್ರಯೋಗಶಾಲೆಗಳು ಹೆಚ್ಚಿನ ಆಸೆಯಿಟ್ಟಿರುವುದು ಮಿಶ್ರ ಋಣಅಯಾನು ಅರೆವಾಹಕಗಳೆಂಬ ಒಂದು ಗುಂಪಿನ ಮೇಲೆ. ಹೆಸರಿಗೆ ಹೆದರಬೇಕಾಗಿಲ್ಲ. ಒಂದೊಂದಾಗಿ ಬಿಡಿಸೋಣ.

ತೋಟದ ಸುತ್ತ ನಾವು ಅಗಳ ತೋಡುತ್ತೇವೆ. ಅಗಳ ಕಿರಿದಾದರೆ ಎಳಗರುವೂ ಹಾರಿ ಬರುತ್ತದೆ. ತೀರಾ ಅಗಲವಾದರೆ ಬಲಿತ ಹೋರಿಗೂ ಹಾರಲಾಗದು. ಘನವಸ್ತುವಿನೊಳಗಿನ ಎಲೆಕ್ಟ್ರಾನುಗಳ ಪಾಡೂ ಹೀಗೆಯೇ. ಈಚೆ ದಡದಲ್ಲಿ ಅವು ಕಟ್ಟಿಹಾಕಿದ ದನಗಳಂತೆ ಇರುತ್ತವೆ. ಆಚೆ ದಡಕ್ಕೆ ಹೋದರೆ ಸ್ವತಂತ್ರವಾಗಿ ಓಡಾಡಿ ಕೆಲಸ ಮಾಡಬಲ್ಲವು. ತಾಮ್ರದಂಥ ಲೋಹದಲ್ಲಿ ನಡುವೆ ಅಗಳವೇ ಇಲ್ಲ. ಗಾಜಿನಲ್ಲಿ ಅಗಳ ಬಹಳ ಅಗಲ. ಹಾರಲು ಸಾಧ್ಯವಿರುವಷ್ಟು ಅಗಲದ ಅಗಳವಿದ್ದರೆ ಅದು ಅರೆವಾಹಕ. ಈ ಅಗಲವನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ.

ಹಾರಲು ಬಲ ಕೊಡುವುದು ಬೆಳಕು. ಆದರೆ ಎಲ್ಲ ಬಣ್ಣದ ಬೆಳಕಿಗೂ ಒಂದೇ ಬಲವಿಲ್ಲ. ಕೆಂಪಿಗೆ ಕಡಿಮೆ, ಹಸಿರಿಗೆ ಅದಕ್ಕಿಂತ ಹೆಚ್ಚು, ನೇರಳೆಗೆ ಇನ್ನೂ ಹೆಚ್ಚು, ಕಣ್ಣಿಗೆ ಕಾಣದ ನೇರಳಾತೀತಕ್ಕೆ ಅದಕ್ಕೂ ಹೆಚ್ಚು. ಗೋಡೆಯ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಏಕೆ ಬಿಳಿಯಾಗಿದೆ ಬಲ್ಲಿರಾ? ಅದರ ಅಗಳ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಅಗಲವಿದೆ. ಕಣ್ಣಿಗೆ ಕಾಣುವ ಯಾವ ಬೆಳಕಿಗೂ ಅಷ್ಟು ಬಲವಿಲ್ಲ. ಹಾಗಾಗಿ ಅದು ಕಾಣುವ ಬೆಳಕನ್ನೆಲ್ಲ ಹೀರದೆ ಹಿಂದಿರುಗಿಸುತ್ತದೆ, ನಮಗೆ ಬಿಳಿಯಾಗಿ ತೋರುತ್ತದೆ. ಅಗಳ ಸ್ವಲ್ಪ ಕಿರಿದಾದರೆ ನೇರಳೆ ಮತ್ತು ನೀಲಿ ಬೆಳಕನ್ನು ಹೀರಿ ಹಳದಿಯಾಗುತ್ತದೆ. ಇನ್ನೂ ಕಿರಿದಾದರೆ ಹಸಿರನ್ನೂ ಹೀರಿ ಕೆಂಪಾಗುತ್ತದೆ. ಬಣ್ಣವೆಂದರೆ ಅಗಳದ ಅಳತೆಗೋಲು ಎಂದು ನೆನಪಿಟ್ಟುಕೊಳ್ಳಿ.

1972ರಲ್ಲಿ ಜಪಾನಿನ ಫುಜಿಷಿಮಾ ಮತ್ತು ಹೋಂಡಾ ಎಂಬ ಇಬ್ಬರು ವಿಜ್ಞಾನಿಗಳು ಈ ಟೈಟಾನಿಯಂ ಡೈಆಕ್ಸೈಡನ್ನೇ ನೀರಿನಲ್ಲಿಟ್ಟು ಬೆಳಕು ಹಾಯಿಸಿ, ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯಬಹುದೆಂದು ಪ್ರಕಟಿಸಿದರು. ಹಸಿರೆಲೆ ಮಾಡುವ ಕೆಲಸದ ಒಂದು ತುಣುಕನ್ನು ಕಲ್ಲಿನಂಥ ವಸ್ತುವೊಂದು ಮಾಡಿ ತೋರಿಸಿತು. ಆದರೆ ಅದಕ್ಕೆ ಬೇಕಾದದ್ದು ನೇರಳಾತೀತ. ನೆಲಕ್ಕೆ ಬರುವ ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ಐದರ ಆಸುಪಾಸು ಮಾತ್ರ. ಅರ್ಧಕ್ಕೆ ಹತ್ತಿರವಿರುವ ಕಾಣುವ ಬೆಳಕು ವ್ಯರ್ಥವಾಗುತ್ತದೆ. ಅಗಳವನ್ನು ಕಿರಿದು ಮಾಡುವುದು ಹೇಗೆ? ಅಂದಿನಿಂದ ಇಂದಿನವರೆಗೂ ಇದೇ ಪ್ರಶ್ನೆ. ತೀರಾ ಕಿರಿದಾಗುವಂತೆಯೂ ಇಲ್ಲ. ನೀರನ್ನು ಒಡೆಯಲು ಕನಿಷ್ಠ 1.23 ಎಲೆಕ್ಟ್ರಾನ್ ವೋಲ್ಟ್ ಬೇಕು, ವ್ಯವಹಾರದಲ್ಲಿ ಅದಕ್ಕಿಂತ ಹೆಚ್ಚೇ ಬೇಕು.

ಇಲ್ಲಿ ಮಿಶ್ರ ಋಣಅಯಾನುಗಳು ಬರುತ್ತವೆ. ಅಡುಗೆಯ ಉಪ್ಪಿನಲ್ಲಿ ಸೋಡಿಯಂ ಎಲೆಕ್ಟ್ರಾನನ್ನು ಕೊಡುತ್ತದೆ, ಕ್ಲೋರಿನ್ ಪಡೆಯುತ್ತದೆ. ಕೊಟ್ಟದ್ದು ಧನಅಯಾನು, ಪಡೆದದ್ದು ಋಣಅಯಾನು. ನಮ್ಮ ಮಣ್ಣು ಕಲ್ಲುಗಳಲ್ಲಿ ಪಡೆಯುವ ಸ್ಥಾನದಲ್ಲಿ ಹೆಚ್ಚಾಗಿ ಆಮ್ಲಜನಕವೊಂದೇ ಕುಳಿತಿರುತ್ತದೆ. ಹಿಂದಿನ ಸಂಶೋಧಕರು ಕೊಡುವವರನ್ನು ಬದಲಿಸಿ ನೋಡಿದರು. ಈಚಿನವರು ಪಡೆಯುವವರನ್ನು ಬದಲಿಸುತ್ತಿದ್ದಾರೆ. ಒಂದೇ ಹರಳಿನಲ್ಲಿ ಆಮ್ಲಜನಕದ ಪಕ್ಕದಲ್ಲಿ ಸಾರಜನಕವನ್ನೋ ಗಂಧಕವನ್ನೋ ಕ್ಲೋರಿನ್ನನ್ನೋ ಕೂರಿಸುತ್ತಾರೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸಾರಜನಕ ಮತ್ತು ಗಂಧಕಗಳ ಹಿಡಿತ ಸಡಿಲ. ಅವು ಸೇರಿದರೆ ಅಗಳದ ಆಚೆ ದಡ ಹೆಚ್ಚು ಕದಲದೆ ಈಚೆ ದಡ ಮುಂದಕ್ಕೆ ಸರಿಯುತ್ತದೆ.

ಇದರ ಅತ್ಯಂತ ಸುಂದರ ನಿದರ್ಶನ ಟ್ಯಾಂಟಲಮ್ ಎಂಬ ಲೋಹದ್ದು. ಅದರ ಆಕ್ಸೈಡ್ ಬಿಳಿಯ ಪುಡಿ, ಅಗಳ ಸುಮಾರು 3.9 ಎಲೆಕ್ಟ್ರಾನ್ ವೋಲ್ಟ್. ಅದನ್ನು ಅಮೋನಿಯಾ ಅನಿಲದ ಹರಿವಿನಲ್ಲಿ 800ರಿಂದ 900 ಡಿಗ್ರಿಗಳವರೆಗೆ ಕಾಯಿಸಿದರೆ ಕೆಲವು ಆಮ್ಲಜನಕಗಳ ಜಾಗಕ್ಕೆ ಸಾರಜನಕ ಬಂದು, ಹಳದಿಯ ಆಕ್ಸಿನೈಟ್ರೈಡ್ ಆಗುತ್ತದೆ. ಅಗಳ 2.5ಕ್ಕೆ ಇಳಿಯುತ್ತದೆ. ಆಮ್ಲಜನಕವೆಲ್ಲ ಹೋಗಿ ಸಾರಜನಕವೇ ತುಂಬಿದರೆ ಕೆಂಪು ಪುಡಿ, ಅಗಳ 2.1. ಬಿಳಿ, ಹಳದಿ, ಕೆಂಪು: ಒಂದೇ ಲೋಹದ ಮೂರು ಮೆಟ್ಟಿಲು.

ಎರಡು ಬಿಳಿಯ ವಸ್ತುಗಳು ಸೇರಿ ಬಣ್ಣ ಬರುವುದೂ ಉಂಟು. ಬಿಳಿ ಸುಣ್ಣ, ಹಸಿರು ಎಲೆ, ಅಡಿಕೆ ಬಾಯಲ್ಲಿ ಸೇರಿ ಕೆಂಪಾಗುವುದು ನಮಗೆ ಹೊಸತೇ? ಅಲ್ಲಿ ನಡೆಯುವ ಕ್ರಿಯೆ ಬೇರೆ, ಬೆರಗು ಮಾತ್ರ ಒಂದೇ. ಗ್ಯಾಲಿಯಂ ನೈಟ್ರೈಡ್ ಮತ್ತು ಸತುವಿನ ಆಕ್ಸೈಡ್ ಎರಡಕ್ಕೂ ಬಿಡಿಯಾಗಿ ಬಣ್ಣವಿಲ್ಲ. ಎರಡನ್ನೂ ಒಂದೇ ಹರಳಾಗಿ ಬೆರೆಸಿದಾಗ ಹಳದಿಯಾಯಿತು. ಟೋಕಿಯೋ ವಿಶ್ವವಿದ್ಯಾಲಯದ ಕಜುನಾರಿ ಡೋಮೆನ್ ಅವರ ತಂಡ 2006ರಲ್ಲಿ ಈ ಹಳದಿ ಪುಡಿ ಕಾಣುವ ಬೆಳಕಿನಿಂದಲೇ ನೀರನ್ನು ಒಡೆಯಿತೆಂದು ತೋರಿಸಿತು. ಬಿದ್ದ ನೇರಳೆ ನೀಲಿ ಬೆಳಕಿನಲ್ಲಿ ನೂರಕ್ಕೆ 2.5ರಷ್ಟು ಕೆಲಸಕ್ಕೆ ಬಂದಿತು. 2019ರಲ್ಲಿ ಅದೇ ಪರಂಪರೆಯವರು ಇಟ್ರಿಯಂ, ಟೈಟಾನಿಯಂ, ಆಮ್ಲಜನಕ, ಗಂಧಕಗಳ ಆಕ್ಸಿಸಲ್ಫೈಡ್ ಒಂದರಿಂದ ಇನ್ನೂ ದುರ್ಬಲವಾದ ಬೆಳಕನ್ನೂ ದುಡಿಸಿದರು.

ವಿದ್ಯಾರ್ಥಿಗಳೇ, ಈ ಕೆಲಸ ನಮ್ಮ ನಾಡಿನಲ್ಲಿಯೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2013ರಿಂದೀಚೆಗೆ ಒಂದು ಸರಳ ಲೆಕ್ಕವನ್ನು ಹಿಡಿದು ಹೊರಟರು. ಆಮ್ಲಜನಕ ಎರಡು ಎಲೆಕ್ಟ್ರಾನು ಪಡೆಯುತ್ತದೆ, ಹಾಗಾಗಿ ಎರಡು ಆಮ್ಲಜನಕಕ್ಕೆ ನಾಲ್ಕು. ಸಾರಜನಕ ಮೂರು ಪಡೆಯುತ್ತದೆ, ಫ್ಲೋರಿನ್ ಒಂದು. ಕೂಡಿದರೆ ಅದೂ ನಾಲ್ಕೇ. ಎರಡು ಆಮ್ಲಜನಕ ಎದ್ದು ಹೋದ ಜಾಗದಲ್ಲಿ ಒಂದು ಸಾರಜನಕ, ಒಂದು ಫ್ಲೋರಿನ್ ಕುಳಿತರೆ ಪಂಕ್ತಿಯ ಲೆಕ್ಕ ತಪ್ಪುವುದಿಲ್ಲ. ಬಿಳಿಯ ಟೈಟಾನಿಯಂ ಮತ್ತು ಸತುವಿನ ಆಕ್ಸೈಡುಗಳಿಗೆ ಹೀಗೆ ಬಣ್ಣ ಬಂದಿತು. ಗಂಧಕದ ಬದಲು ರಂಜಕ ಮತ್ತು ಕ್ಲೋರಿನ್ ಜೋಡಿಯನ್ನೂ ಅವರು ಪರೀಕ್ಷಿಸಿದರು. ಕೂಡುವುದು ಕಳೆಯುವುದು ಬಲ್ಲ ಮಕ್ಕಳೂ ಅರಿಯಬಹುದಾದ ಉಪಾಯವಿದು.

ಉಪಯೋಗಗಳು ಜಲಜನಕಕ್ಕೆ ಮಾತ್ರ ಸೀಮಿತವಲ್ಲ. ಬಿಸ್ಮತ್, ತಾಮ್ರ, ಸೆಲೆನಿಯಂ, ಆಮ್ಲಜನಕಗಳ ಒಂದು ಸಂಯುಕ್ತವು ವ್ಯರ್ಥವಾಗುವ ಶಾಖವನ್ನು ವಿದ್ಯುತ್ತಾಗಿಸಬಲ್ಲದು. ಅಯೋಡಿನ್ ಮತ್ತು ಬ್ರೋಮಿನ್ ಬೆರೆತ ಪೆರೋವ್‌ಸ್ಕೈಟ್ ಎಂಬ ಹರಳುಗಳು ಹೊಸ ಬಗೆಯ ಸೌರಕೋಶಗಳಾಗಿವೆ. 2000ದಲ್ಲಿ ಜರ್ಮನಿಯ ಯಾನ್ಸೆನ್ ಮತ್ತು ಲೆಟ್ಶೆರ್ಟ್ ಆಕ್ಸಿನೈಟ್ರೈಡುಗಳಿಂದ ಹಳದಿಯಿಂದ ಕೆಂಪಿನವರೆಗಿನ ವರ್ಣದ್ರವ್ಯಗಳನ್ನು ಮಾಡಿ, ವಿಷಕಾರಿ ಕ್ಯಾಡ್ಮಿಯಂ ಬಣ್ಣಗಳಿಗೆ ಬದಲಿಯಿದೆಯೆಂದು ತೋರಿಸಿದರು.

ಈಗ ಹಿರಿಯರ ಪ್ರಶ್ನೆಯ ಮೊದಲ ಅರ್ಧಕ್ಕೆ ಬರೋಣ. ಪುಡಿಯಿಂದ ಅನಿಲ ಬರುವುದು ನಿಜ. ಎಷ್ಟು ಬರುತ್ತದೆ? ಡೋಮೆನ್ ತಂಡ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 100 ಚದರ ಮೀಟರ್ ಅಗಲದ ಫಲಕಗಳನ್ನು ಬಯಲಿನಲ್ಲಿಟ್ಟು ತಿಂಗಳುಗಟ್ಟಲೆ ಜಲಜನಕ ತೆಗೆದರು. ಬಳಸಿದ್ದು ನೇರಳಾತೀತವನ್ನು ಮಾತ್ರ ಹೀರುವ ಸಾಮಾನ್ಯ ಆಕ್ಸೈಡ್. ದಕ್ಷತೆ ಹೆಚ್ಚೆಂದರೆ ನೂರಕ್ಕೆ 0.76. ಲೆಕ್ಕ ಹಾಕಿ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್. 100 ಚದರ ಮೀಟರಿಗೆ ಒಂದು ಲಕ್ಷ ವ್ಯಾಟ್. ಅದರಲ್ಲಿ ದಕ್ಕಿದ್ದು 760 ವ್ಯಾಟಿನಷ್ಟು, ನಿಮ್ಮ ಅಡುಗೆಮನೆಯ ಒಂದು ಮಿಕ್ಸಿಯಷ್ಟು. ಅಷ್ಟೇ ಜಾಗದಲ್ಲಿ ಇಂದಿನ ಸಿಲಿಕಾನ್ ಸೌರಫಲಕಗಳು ಅದೇ ಹೊತ್ತಿನಲ್ಲಿ ಸುಮಾರು 20,000 ವ್ಯಾಟ್ ಕೊಡುತ್ತವೆ. ಕಾಣುವ ಬೆಳಕನ್ನು ಹೀರುವ ಮಿಶ್ರ ಋಣಅಯಾನು ಪುಡಿಗಳು ಮುಂದೆ ಹೆಚ್ಚು ಕೊಡಬಲ್ಲವೆಂಬುದು ಆಸೆ. ಆದರೆ 2019ರ ಆಕ್ಸಿಸಲ್ಫೈಡಿನ ಸೌರದಕ್ಷತೆ ಹತ್ತು ಸಾವಿರದಲ್ಲಿ ಒಂದು ಪಾಲನ್ನೂ ಮುಟ್ಟಲಿಲ್ಲ.

ಏಕೆ? ಈಚೆ ದಡವನ್ನು ಮುಂದಕ್ಕೆ ತಂದ ಸಡಿಲವೇ ಇವುಗಳ ದೌರ್ಬಲ್ಯವೂ ಹೌದು. ಎಲೆಕ್ಟ್ರಾನು ಹಾರಿಹೋದ ಮೇಲೆ ಉಳಿಯುವ ಕೊರತೆಯನ್ನು ನೀರು ತುಂಬಬೇಕು. ನೀರು ತುಂಬುವ ಮೊದಲೇ ಹರಳಿನೊಳಗಿನ ಸಾರಜನಕವೋ ಗಂಧಕವೋ ತನ್ನ ಎಲೆಕ್ಟ್ರಾನನ್ನು ಕೊಟ್ಟು ಹರಳಿನಿಂದ ಹೊರಬೀಳುತ್ತದೆ. ದುಡಿಸುವ ಬೆಳಕೇ ಪುಡಿಯನ್ನು ತಿನ್ನುತ್ತದೆ. ಇದಕ್ಕೂ ಪರಿಹಾರ ಹುಡುಕುತ್ತಿದ್ದಾರೆ. 2016ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದವರು ಬಿಸ್ಮತ್, ನಿಯೋಬಿಯಂ, ಆಮ್ಲಜನಕ, ಕ್ಲೋರಿನ್‌ಗಳ ಒಂದು ಆಕ್ಸಿಕ್ಲೋರೈಡ್ ಹೀಗೆ ಸವೆಯದೆ ನಿಲ್ಲುತ್ತದೆಂದು ತೋರಿಸಿದರು. ಅದರಲ್ಲಿ ಎಲೆಕ್ಟ್ರಾನು ಬಿಡುವುದು ಕ್ಲೋರಿನ್ ಅಲ್ಲ, ಆಮ್ಲಜನಕವೇ. ಆದುದರಿಂದ ಆಸೆ ಸುಳ್ಳಲ್ಲ, ಆದರೆ ಇನ್ನೂ ಎಳೆಯದು.

ಪ್ರಶ್ನೆಯ ಎರಡನೆಯ ಅರ್ಧ ನನಗೆ ಹೆಚ್ಚು ಮುಖ್ಯವಾದುದು. ಪುಡಿ ಗೆದ್ದಿತೆಂದೇ ಇಟ್ಟುಕೊಳ್ಳಿ. ಆಗ ಕಾಡು ಉಳಿಯುವುದೇ?

ಕ್ಯಾಡ್ಮಿಯಂ ಕೆಂಪು ಎಂಬ ಹಳೆಯ ಬಣ್ಣವಿದೆ. ಅದು ಗಂಧಕ ಮತ್ತು ಸೆಲೆನಿಯಂ ಎರಡೂ ಬೆರೆತ ಕ್ಯಾಡ್ಮಿಯಂ ಸಂಯುಕ್ತ. ಅಂದರೆ ಅದೂ ಒಂದು ಮಿಶ್ರ ಋಣಅಯಾನು ಅರೆವಾಹಕವೇ. ಕ್ಯಾಡ್ಮಿಯಂ ಸತುವಿನ ಅದಿರಿನ ಜೊತೆಗೆ ಬರುವ ಲೋಹ. ಜಪಾನಿನ ಬೆಟ್ಟಗಳ ಕಮಿಯೋಕಾ ಗಣಿಯಿಂದ ಹರಿದ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿತು, ನದಿಯಿಂದ ಕೆಳಗಿನ ತೊಯಾಮಾ ಪ್ರಾಂತದ ಬತ್ತದ ಗದ್ದೆಗಳಿಗೆ ಹೋಯಿತು, ಗದ್ದೆಯಿಂದ ಅನ್ನಕ್ಕೆ ಬಂದಿತು. ಉಂಡವರ, ಅದರಲ್ಲಿಯೂ ಮಧ್ಯವಯಸ್ಸು ದಾಟಿದ ಹೆಂಗಸರ, ಎಲುಬುಗಳು ಮೆತ್ತಗಾಗಿ ಮುರಿದವು. ನೋವಿನ ಕೂಗನ್ನೇ ರೋಗದ ಹೆಸರಾಗಿಸಿ ಅದನ್ನು ಇತಾಯಿ ಇತಾಯಿ ಎಂದು ಕರೆದರು. 1968ರಲ್ಲಿ ಜಪಾನ್ ಸರಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿತು. ಬೆಟ್ಟ, ಹೊಳೆ, ಗದ್ದೆ, ಊಟ: ಈ ಸರಪಳಿಯನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಆ ಕ್ಯಾಡ್ಮಿಯಂ ಬಣ್ಣಕ್ಕೆ ಬದಲಿಯಾಗಿ ಬಂದ ಆಕ್ಸಿನೈಟ್ರೈಡಿನಲ್ಲಿ ಏನಿದೆ? ಟ್ಯಾಂಟಲಮ್. ಮುಟ್ಟಿದರೆ ವಿಷವಲ್ಲ. ಆದರೆ ಪ್ರಪಂಚದ ಟ್ಯಾಂಟಲಮ್ಮಿನ ದೊಡ್ಡ ಪಾಲು ಮಧ್ಯ ಆಫ್ರಿಕದ ಕಾಂಗೋ ಮತ್ತು ರುವಾಂಡಾಗಳಿಂದ ಬರುತ್ತದೆ. ಪೂರ್ವ ಕಾಂಗೋದ ಗುಡ್ಡಗಳಲ್ಲಿ ಜನರು ಕೈಯಿಂದಲೇ ಮಣ್ಣು ಬಗೆದು ಅದಿರು ತೆಗೆಯುತ್ತಾರೆ. ಆ ಅದಿರಿನ ಹಣ ಬಂದೂಕು ಹಿಡಿದ ಗುಂಪುಗಳಿಗೆ ಹೋಯಿತೆಂಬ ಕಾರಣಕ್ಕೆ 2010ರಲ್ಲಿ ಅಮೆರಿಕವು ತನ್ನ ಕಂಪೆನಿಗಳು ಇಂಥ ಲೋಹಗಳ ಮೂಲವನ್ನು ಬಹಿರಂಗಪಡಿಸಬೇಕೆಂದು ಕಾನೂನು ಮಾಡಿತು. ಗುಡ್ಡ ಬಗೆದರೆ ಏನಾಗುವುದೆಂಬುದನ್ನು ನಾವು ಕುದುರೆಮುಖದಲ್ಲಿ ಕಂಡಿದ್ದೇವೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಕಬ್ಬಿಣದ ಗಣಿ ನಿಲ್ಲುವವರೆಗೆ ಭದ್ರೆಯ ನೀರಿಗೆ ಸೇರಿದ ಹೂಳನ್ನು ಕೆಳಗಿನ ಊರಿನವರು ಕಣ್ಣಾರೆ ನೋಡಿದ್ದಾರೆ. ನಮ್ಮ ಗುಡ್ಡ ಉಳಿಯಲೆಂದು ಮತ್ತೊಬ್ಬರ ಗುಡ್ಡವನ್ನು ಕೊಟ್ಟುಬಿಡುವುದು ಪರಿಸರ ಪ್ರೇಮವಲ್ಲ.

ಇನ್ನು ಮಳೆಯ ಮಾತು. ಪೆರೋವ್‌ಸ್ಕೈಟ್ ಸೌರಕೋಶಗಳು 2009ರಲ್ಲಿ ನೂರಕ್ಕೆ 3.8ರ ದಕ್ಷತೆಯಿಂದ ಹೊರಟು ಇಂದು ಪ್ರಯೋಗಶಾಲೆಯಲ್ಲಿ 26ನ್ನು ದಾಟಿವೆ. ಅಯೋಡಿನ್ ಮತ್ತು ಬ್ರೋಮಿನ್‌ಗಳ ಪ್ರಮಾಣ ಬದಲಿಸಿ ಬೇಕಾದ ಅಗಲದ ಅಗಳವನ್ನು ಪಡೆಯುವುದು ಅವುಗಳ ವೈಶಿಷ್ಟ್ಯ. ಆದರೆ ಬಿಸಿಲಿಗೆ ಆ ಎರಡೂ ಹರಳಿನೊಳಗೆ ಬೇರೆಬೇರೆಯಾಗಿ ಗುಂಪುಗೂಡುತ್ತವೆಂದು 2015ರಲ್ಲಿ ಕಂಡುಬಂದಿತು. ಅದಕ್ಕಿಂತ ದೊಡ್ಡ ಮಾತೆಂದರೆ ಅವುಗಳಲ್ಲಿ ಹೆಚ್ಚಿನವು ಸೀಸದ ಸಂಯುಕ್ತಗಳು, ನೀರು ತಾಗಿದರೆ ಕೆಡುವಂಥವು. ಚದರ ಮೀಟರಿಗೆ ಸೀಸದ ಪ್ರಮಾಣ ಸುಮಾರು ಒಂದು ಗ್ರಾಮಿನೊಳಗೇ ಇರಬಹುದು. ಆದರೂ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ, ಮರ ಬಿದ್ದು ಗಾಜು ಒಡೆದ ಫಲಕವೊಂದು ಮಳೆಗಾಲವಿಡೀ ಮಾಡಿನ ಮೇಲೆ ತೊಯ್ದರೆ ಆ ಸೀಸ ಯಾವ ಬಾವಿಗೆ ಇಳಿಯುತ್ತದೆ? ಈ ಪ್ರಶ್ನೆ ಮರುಭೂಮಿಯ ಬಿಸಿಲಿನಲ್ಲಿ ಪರೀಕ್ಷೆ ಮಾಡುವವರಿಗೆ ಮೊದಲು ಹೊಳೆಯುವುದಿಲ್ಲ. ನಮಗೆ ಹೊಳೆಯುತ್ತದೆ. ಗಾಜು ಒಡೆದರೂ ಸೀಸವನ್ನು ಹಿಡಿದಿಡುವ ಪದರಗಳನ್ನು ಕೆಲವರು ರೂಪಿಸುತ್ತಿದ್ದಾರೆ, ಸೀಸವಿಲ್ಲದ ಹರಳುಗಳನ್ನೂ ಹುಡುಕುತ್ತಿದ್ದಾರೆ. ಕೇಳುವವರಿದ್ದರೆ ಮಾತ್ರ ಅಂಥ ಕೆಲಸ ಮುಂದುವರಿಯುತ್ತದೆ.

ಆದುದರಿಂದ ಹೊಸ ವಸ್ತು ನಮ್ಮ ಮಾಡಿಗೆ ಬರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳೋಣ. ಇದು ಯಾವ ಗುಡ್ಡದಿಂದ, ಯಾವ ಕಡಲತೀರದಿಂದ ಬಂದಿದೆ? ಟೈಟಾನಿಯಂ ಕೂಡ ಕೇರಳದ ಚವರದಂಥ ಕಡಲತೀರದ ಮರಳಿನಿಂದ ಬರುತ್ತದೆ. ಊರಿಲ್ಲದ ಧಾತು ಯಾವುದೂ ಇಲ್ಲ. ಎರಡನೆಯದು, ಒಡೆದರೆ ನಮ್ಮ ಮಳೆಯಲ್ಲಿ ಏನು ಕರಗುತ್ತದೆ? ಮೂರನೆಯದು, ಹಳೆಯದಾದ ಮೇಲೆ ಯಾರು ಹಿಂದಕ್ಕೆ ಒಯ್ಯುತ್ತಾರೆ? 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೌರಫಲಕಗಳನ್ನೂ ಸೇರಿಸಿದ್ದಾರೆ. ನಿಯಮ ಕಾಗದದ ಮೇಲಿದೆ. ಘಟ್ಟದ ಕೊನೆಯ ಮನೆಯವರೆಗೆ ಅದನ್ನು ತರುವುದು ಕೇಳುವವರ ಕೆಲಸ.

ಹಿರಿಯರೇ, ಅಂದು ಬಸ್ಸಿನ ನೆಪ ಹೇಳಿ ತಪ್ಪಿಸಿಕೊಂಡ ಉತ್ತರವನ್ನು ಇಂದು ಒಪ್ಪಿಸುತ್ತೇನೆ. ಪುಡಿಯ ಅಗಳವನ್ನು ಕಿರಿದು ಮಾಡುವ ವಿದ್ಯೆ ಮನುಷ್ಯನಿಗೆ ಸಿಕ್ಕಿದೆ. ಅದರಿಂದ ಒಂದು ದಿನ ಹೊಳೆಗಳ ಮೇಲಿನ ಭಾರ ಇಳಿಯಲೂಬಹುದು. ಆದರೆ ಆ ದಿನ ಬರುವವರೆಗೆ ಕಾಡನ್ನು ಕಾಯಬೇಕಾದವರು ನೀವೇ. ಆ ದಿನ ಬಂದ ಮೇಲೂ, ಆಸೆಗೆ ಒಂದು ಅಗಳ ತೋಡದಿದ್ದರೆ, ಪುಡಿಗಾಗಿಯೇ ಇನ್ನೊಂದು ಗುಡ್ಡವನ್ನು ಬಗೆಯುತ್ತಾರೆ.

ಮಕ್ಕಳೇ, ನಿಮಗೊಂದು ಮಾತು. ಸತು, ಟೈಟಾನಿಯಂ, ಬಿಸ್ಮತ್‌ಗಳಂಥ ಕಡಿಮೆ ಕೇಡಿನ ಧಾತುಗಳಿಂದ ಮಳೆಗೂ ಬೆಳಕಿಗೂ ಸವೆಯದ ಬಣ್ಣದ ಪುಡಿಯನ್ನು ಇನ್ನೂ ಯಾರೂ ಪೂರ್ಣವಾಗಿ ಸಾಧಿಸಿಲ್ಲ. ನಿಮ್ಮಲ್ಲಿ ಒಬ್ಬರು ರಸಾಯನಶಾಸ್ತ್ರ ಓದಿ ಆ ಕೆಲಸಕ್ಕೆ ಕೈಹಾಕಿದರೆ, ನೀವು ಬೆಳೆದ ಊರಿನ ಮಳೆಯನ್ನೂ ಪ್ರಯೋಗಶಾಲೆಗೆ ಕೊಂಡೊಯ್ಯಿರಿ. ಆಗ ಇಂದು ನಾವು ಇಲ್ಲಿ ಕೂಡಿದ್ದು ಸಾರ್ಥಕ.